ಕಾರಿನ ಸ್ಟೀರಿಯೊ ಬದಲಿಸುವ ಮುನ್ನ ಅದರ ಬೆನ್ನು ನೋಡಿ

ಬೆಂಗಳೂರಿನಲ್ಲಿ ಕಾರಿಗೆ ಹೊಸ ಸ್ಟೀರಿಯೊ ಹಾಕಿಸಬೇಕು ಎಂದರೆ ಬಹುತೇಕರ ಬಾಯಲ್ಲಿ ಮೊದಲು ಬರುವ ಹೆಸರು ಜೆ.ಸಿ. ರಸ್ತೆ. ಟೌನ್‌ಹಾಲ್ ಮತ್ತು ಮಿನರ್ವ ವೃತ್ತದ ನಡುವೆ ಸೀಟ್ ಕವರ್, ಹಾರ್ನ್, ಫಾಗ್ ಲ್ಯಾಂಪ್, ಸ್ಟೀರಿಯೊಗಳ ಅಂಗಡಿಗಳು ಸಾಲುಗಟ್ಟಿ ನಿಂತಿವೆ. ಅಲ್ಲಿ ಗ್ರಾಹಕರು ಕೇಳುವ ಪ್ರಶ್ನೆಗಳನ್ನು ಗಮನಿಸಿ: ಪರದೆ ಎಷ್ಟು ಇಂಚು, ರ‍್ಯಾಮ್ ಎಷ್ಟು, ವ್ಯಾಟ್ ಎಷ್ಟು, ಕೊನೆಗೆ ಎಷ್ಟಕ್ಕೆ ಕೊಡುತ್ತೀರಿ. ಎಲ್ಲವೂ ಪೆಟ್ಟಿಗೆಯ ಮುಖದ ಬಗೆಗಿನ ಪ್ರಶ್ನೆಗಳೇ. ಹಳೆಯದನ್ನು ಹೊರಗೆಳೆದಾಗ ಅದರ ಹಿಂದೆ ಕಾಣುವ ವೈರುಗಳ ಗೊಂಚಲನ್ನು ಏನು ಮಾಡುತ್ತೀರಿ ಎಂದು ಕೇಳುವವರು ಅಪರೂಪ. ಆಮೇಲೆ ಬ್ಯಾಟರಿ ಕೈಕೊಡುವುದು, ಎಫ್‌ಎಂ ಗೊರಗೊರ ಎನ್ನುವುದು, ಸ್ಟೀರಿಂಗ್ ಮೇಲಿನ ವಾಲ್ಯೂಮ್ ಗುಂಡಿ ಸತ್ತುಹೋಗುವುದು, ಕೀಲಿ ತಿರುಗಿಸಿದಾಗಲೆಲ್ಲ ಗಡಿಯಾರ ಹನ್ನೆರಡಕ್ಕೆ ಮರಳುವುದು, ಇವೆಲ್ಲವೂ ಹುಟ್ಟುವುದು ಆ ಗೊಂಚಲಿನಲ್ಲಿ.

ಅಲ್ಲಿರುವ ಒಂದೊಂದು ವೈರಿಗೂ ಒಂದೊಂದು ಕೆಲಸವಿದೆ. ಆ ಕೆಲಸಗಳನ್ನು ತಿಳಿದುಕೊಂಡರೆ ಸ್ಟೀರಿಯೊ ಬದಲಾವಣೆಯನ್ನು ನೀವೇ ಮಾಡಬಹುದು. ಮಾಡುವ ಮನಸ್ಸಿಲ್ಲದಿದ್ದರೆ ಮಾಡುವವರ ಪಕ್ಕದಲ್ಲಿ ನಿಂತು ಸರಿಯಾದ ಪ್ರಶ್ನೆಯನ್ನಾದರೂ ಕೇಳಬಹುದು.

ಅಳತೆ ಮೊದಲು

ಕಾರುಗಳು ನೂರಾರು ಬಗೆಯವಾದರೂ ಸ್ಟೀರಿಯೊ ಕೂರುವ ಜಾಗಕ್ಕೆ ಒಂದು ಅಳತೆ ಇರುವುದು ಜರ್ಮನಿಯ ಮಾನಕ ಸಂಸ್ಥೆ ಡಿಐಎನ್ (ಡಿನ್) ಕೃಪೆಯಿಂದ. 1980ರ ದಶಕದಲ್ಲಿ ಅದೇ ಅಂತಾರಾಷ್ಟ್ರೀಯ ಮಾನಕವೂ ಆಯಿತು: ಅಗಲ 180 ಮಿಲಿಮೀಟರ್, ಎತ್ತರ 50 ಮಿಲಿಮೀಟರ್. ಇದು ಸಿಂಗಲ್ ಡಿನ್. ಕ್ಯಾಸೆಟ್ ಮತ್ತು ಸಿ.ಡಿ. ಕಾಲದ ಪೆಟ್ಟಿಗೆಗಳೆಲ್ಲ ಇದೇ ಗಾತ್ರದವು. ಎತ್ತರವನ್ನು 100 ಮಿಲಿಮೀಟರಿಗೆ ಏರಿಸಿದರೆ ಡಬಲ್ ಡಿನ್. ಟಚ್ ಪರದೆ ಬಂದ ಮೇಲೆ ಅದೇ ರೂಢಿಯಾಯಿತು. ಟೊಯೊಟಾದ ಅನೇಕ ಕಾರುಗಳಲ್ಲಿ ಮಾತ್ರ ಅಗಲ 200 ಮಿಲಿಮೀಟರ್. ಆ ಜಾಗಕ್ಕೆ ಸಾಮಾನ್ಯ ಡಬಲ್ ಡಿನ್ ಕೂರಿಸಿದರೆ ಎರಡೂ ಬದಿಯಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ.

ಈಗ ಮಾರಾಟವಾಗುವ ಒಂಬತ್ತು, ಹತ್ತು ಇಂಚಿನ ಪರದೆಗಳು ಈ ಅಳತೆಗೆ ಬಗ್ಗುವುದಿಲ್ಲ. ಅವುಗಳಿಗೆ ಪ್ರತಿ ಕಾರಿನ ಮಾದರಿಗೂ ಬೇರೆ ಬೇರೆ ಫ್ರೇಮ್ ಬೇಕು. ಡ್ಯಾಶ್‌ಬೋರ್ಡಿನ ಮಧ್ಯದ ಪ್ಲಾಸ್ಟಿಕ್ ತುಂಡನ್ನು ಪೂರ್ತಿಯಾಗಿ ತೆಗೆದು ಅದೇ ಆಕಾರದ, ದೊಡ್ಡ ಕಿಂಡಿಯ ತುಂಡನ್ನು ಕೂರಿಸುವುದೇ ಫ್ರೇಮ್ ಹಾಕುವುದು. ಫ್ರೇಮ್ ಕೊಳ್ಳುವಾಗ ಮಾದರಿಯ ಹೆಸರು ಹೇಳಿದರೆ ಸಾಲದು, ವರ್ಷವನ್ನೂ ವೇರಿಯಂಟನ್ನೂ ಹೇಳಬೇಕು. ಒಂದೇ ಹೆಸರಿನ ಕಾರಿನಲ್ಲಿ ನಾಬ್ ತಿರುಗಿಸುವ ಎ.ಸಿ. ಇರುವುದಕ್ಕೂ ಆಟೊಮ್ಯಾಟಿಕ್ ಎ.ಸಿ. ಇರುವುದಕ್ಕೂ ಫ್ರೇಮ್ ಬೇರೆಯಾಗಿರಬಹುದು. ಫ್ರೇಮ್ ಸ್ವಲ್ಪ ಕೂರದಿದ್ದಾಗ ಅರದಿಂದ ಉಜ್ಜಿ ಸರಿಮಾಡುತ್ತೇವೆ ಎನ್ನುವವರಿದ್ದಾರೆ. ಬೇಡವೆನ್ನಿ. ನಮ್ಮ ಊರಿನ ರಸ್ತೆಗುಂಡಿಗಳಲ್ಲಿ ಅದು ಕಿರಿಗುಟ್ಟಲು ಬಹಳ ದಿನ ಬೇಕಿಲ್ಲ.

ಇನ್ನು ಕೆಲವು ಕಾರುಗಳಲ್ಲಿ ಸ್ಟೀರಿಯೊ ಬದಲಿಸುವ ಯೋಚನೆಯನ್ನೇ ಕೈಬಿಡುವುದು ಲೇಸು. ಎ.ಸಿ.ಯ ತಾಪಮಾನ, ಬಾಗಿಲಿನ ಲಾಕ್, ಟೈರಿನ ಗಾಳಿಯ ಎಚ್ಚರಿಕೆ ಮುಂತಾದ ಸೆಟ್ಟಿಂಗುಗಳೆಲ್ಲ ಕಂಪನಿಯ ಪರದೆಯೊಳಗೇ ಇದ್ದರೆ, ಪರದೆ ಹೋದಾಗ ಅವೂ ಅದರ ಜೊತೆಗೇ ಹೋಗುತ್ತವೆ. ಅಂಥ ಕಾರಿನಲ್ಲಿ ಧ್ವನಿ ಸಾಲದು ಎನಿಸಿದರೆ ಪರದೆಯನ್ನು ಮುಟ್ಟದೆ, ಸ್ಪೀಕರಿಗೆ ಹೋಗುವ ವೈರಿನಿಂದಲೇ ಸಂಕೇತ ತೆಗೆದುಕೊಳ್ಳುವ ಆಂಪ್ಲಿಫೈಯರ್ ಹಾಕಿಸುವುದು ಸರಿಯಾದ ದಾರಿ.

ವ್ಯಾಟ್ ಲೆಕ್ಕದ ಪೊಳ್ಳು

ಧ್ವನಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಬಹುತೇಕ ಸ್ಟೀರಿಯೊಗಳ ಡಬ್ಬದ ಮೇಲೆ 50 ವ್ಯಾಟ್, ನಾಲ್ಕು ಚಾನೆಲ್ ಎಂದು ಬರೆದಿರುತ್ತದೆ, ಅಂದರೆ ನಾಲ್ಕು ಸ್ಪೀಕರಿಗೆ ಒಟ್ಟು 200. ಪೆಟ್ಟಿಗೆಯ ಹಿಂದಿರುವ ಫ್ಯೂಸ್ ನೋಡಿ. ಅದು 10 ಆಂಪಿಯರಿನದಾದರೆ, ಎಂಜಿನ್ ಓಡುವಾಗಿನ 14.4 ವೋಲ್ಟಿನಿಂದ ಗುಣಿಸಿ: 144 ವ್ಯಾಟ್. ಒಳಗೆ ಹೋಗುವುದೇ 144. ಅದರಲ್ಲಿ ಒಂದಷ್ಟು ಶಾಖವಾಗಿ ಪೋಲಾಗುತ್ತದೆ. ಹೀಗಿರುವಾಗ ಹೊರಗೆ 200 ಬರುವುದು ಎಲ್ಲಿಂದ? ಇನ್ನೊಂದು ಬಗೆಯಲ್ಲೂ ಲೆಕ್ಕ ಹಾಕಬಹುದು. 14.4 ವೋಲ್ಟಿನ ಪೂರೈಕೆಯಿಂದ ಸ್ಪೀಕರಿಗೆ ಸಿಗಬಹುದಾದ ಶುದ್ಧ ಅಲೆಯ ಸರಾಸರಿ ಬಲ ಹೆಚ್ಚೆಂದರೆ ಹತ್ತು ವೋಲ್ಟ್ ಚಿಲ್ಲರೆ. ಅದನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ 4 ಓಮ್ ರೋಧದಿಂದ ಭಾಗಿಸಿದರೆ 26 ವ್ಯಾಟ್. ನಿಜದಲ್ಲಿ ಸಿಗುವುದು 20ರ ಆಸುಪಾಸು. ನಿಮ್ಮ ಕಂಪನಿ ಸ್ಟೀರಿಯೊ ಕೊಡುತ್ತಿರುವುದೂ ಹೆಚ್ಚು ಕಡಿಮೆ ಇಷ್ಟೇ.

ಆದ್ದರಿಂದ ಹಾಡು ಚೆನ್ನಾಗಿ ಕೇಳಬೇಕೆಂಬುದೊಂದೇ ಆಸೆಯಾದರೆ ಮೊದಲು ಬಾಗಿಲಿನ ಸ್ಪೀಕರ್ ಬದಲಿಸಿ, ಬಾಗಿಲಿನ ತಗಡಿನ ಒಳಮೈಗೆ ಕಂಪನ ತಡೆಯುವ ಹಾಳೆ ಅಂಟಿಸಿ. ಸ್ಟೀರಿಯೊ ಬದಲಿಸಲು ನ್ಯಾಯವಾದ ಕಾರಣಗಳು ಬೇರೆ: ನಕ್ಷೆ ಬೇಕು, ಹಿಂದಿನ ಕ್ಯಾಮೆರಾ ಬೇಕು, ಮೊಬೈಲನ್ನು ಪರದೆಗೆ ಜೋಡಿಸಬೇಕು, ಅಥವಾ ಹಳೆಯದು ಕೆಟ್ಟಿದೆ.

ಅಂಗಡಿಗಳಲ್ಲಿ ದಿನವೂ ನಡೆಯುವ ಗೊಂದಲವೊಂದಿದೆ. ‘ಆಂಡ್ರಾಯ್ಡ್ ಸ್ಟೀರಿಯೊ’ ಬೇರೆ, ‘ಆಂಡ್ರಾಯ್ಡ್ ಆಟೊ’ ಬೇರೆ. ಮೊದಲನೆಯದು ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿದ ಟ್ಯಾಬ್ಲೆಟ್. ಅದಕ್ಕೆ ತನ್ನದೇ ಪ್ರೊಸೆಸರ್, ರ‍್ಯಾಮ್, ಆ್ಯಪ್‌ಗಳಿರುತ್ತವೆ. ವಯಸ್ಸಾದಂತೆ ಮೊಬೈಲಿನ ಹಾಗೆಯೇ ನಿಧಾನವಾಗುತ್ತದೆ. ಎರಡನೆಯದು ನಿಮ್ಮ ಮೊಬೈಲೇ ಕೆಲಸವೆಲ್ಲ ಮಾಡಿ, ಕಾರಿನ ಪರದೆಯಲ್ಲಿ ಮುಖ ತೋರಿಸುವ ವ್ಯವಸ್ಥೆ. ಐಫೋನಿನವರಿಗೆ ಅದೇ ಕಾರ್‌ಪ್ಲೇ. ಎರಡೂ ಪ್ರಕಟವಾದದ್ದು 2014ರಲ್ಲಿ. ಕಡಿಮೆ ಬೆಲೆಯ ಟ್ಯಾಬ್ಲೆಟ್ ಮಾದರಿಯ ಪೆಟ್ಟಿಗೆಗಿಂತ, ಮೊಬೈಲನ್ನು ನೆಚ್ಚಿಕೊಂಡ ಸರಳ ಪೆಟ್ಟಿಗೆ ಹೆಚ್ಚು ಕಾಲ ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ಮೊಬೈಲ್ ಬದಲಿಸಿದಾಗ ಅದರ ವೇಗವೂ ತಾನಾಗಿ ಹೆಚ್ಚುತ್ತದೆ.

ವೈರುಗಳ ಗೊಂಚಲು

ಮಾರುಕಟ್ಟೆಯ ಸ್ಟೀರಿಯೊಗಳ ಹಿಂದಿನ ವೈರುಗಳಿಗೆ ಬಣ್ಣದ ಒಂದು ಒಪ್ಪಂದವಿದೆ. ಹಳದಿ ಎಂದರೆ ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್. ಕೆಂಪು ಎಂದರೆ ಕೀಲಿ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್; ಇದನ್ನು ಮೆಕ್ಯಾನಿಕ್‌ಗಳು ಎಸಿಸಿ ಎನ್ನುತ್ತಾರೆ. ಕಪ್ಪು ಅರ್ತಿಂಗ್, ಅಂದರೆ ಕಾರಿನ ಲೋಹದ ಮೈಗೆ ಸೇರುವ ವೈರ್. ಕಿತ್ತಳೆ ಹೆಡ್‌ಲೈಟ್ ಹಾಕಿದಾಗ ಪರದೆಯನ್ನು ಮಂದಗೊಳಿಸಲು. ನೀಲಿ ಆಂಟೆನಾಕ್ಕೆ. ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ಹೊರಗಿನ ಆಂಪ್ಲಿಫೈಯರಿಗೆ ‘ಏಳು’ ಎಂದು ಹೇಳಲು. ಸ್ಪೀಕರುಗಳಿಗೆ ನಾಲ್ಕು ಜೋಡಿ: ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಮೈನಸ್.

ಈ ಒಪ್ಪಂದಕ್ಕೆ ಕಾರು ತಯಾರಕರು ಸಹಿ ಹಾಕಿಲ್ಲ. ಕಾರಿನ ಕಡೆಯಿಂದ ಬರುವ ವೈರುಗಳ ಬಣ್ಣ ಆಯಾ ಕಂಪನಿಯ ಇಷ್ಟ. ಕಾರಿನ ಹಳದಿಯನ್ನು ಸ್ಟೀರಿಯೊದ ಹಳದಿಗೆ ಕಣ್ಣುಮುಚ್ಚಿ ಸೇರಿಸಿದರೆ ಏನು ಬೇಕಾದರೂ ಆಗಬಹುದು. ಇದಕ್ಕಿರುವ ಪರಿಹಾರವೇ ಕಪ್ಲರ್: ಒಂದು ತುದಿ ಕಾರಿನ ಮೂಲ ಸಾಕೆಟ್ಟಿಗೆ, ಇನ್ನೊಂದು ತುದಿ ಹೊಸ ಸ್ಟೀರಿಯೊಗೆ ಹೊಂದುವ ತುಂಡು ವೈರಿಂಗ್. ನಡುವಿನ ಬಣ್ಣಗಳ ಹೊಂದಾಣಿಕೆಯನ್ನು ಕಪ್ಲರ್ ಮಾಡಿದವರು ಮಾಡಿಟ್ಟಿರುತ್ತಾರೆ. ಕಾರಿನ ಒಂದು ಎಳೆಯನ್ನೂ ಕತ್ತರಿಸಬೇಕಾಗಿಲ್ಲ. ನಾಳೆ ಹಳೆಯ ಸ್ಟೀರಿಯೊವನ್ನೇ ಮತ್ತೆ ಹಾಕಬೇಕಾದರೆ ಕಪ್ಲರನ್ನು ಕಳಚಿ ಹಳೆಯದನ್ನು ಚುಚ್ಚಿದರಾಯಿತು.

‘ಇದಕ್ಕೆ ಕಪ್ಲರ್ ಸಿಗುವುದಿಲ್ಲ ಸರ್, ವೈರ್ ಕತ್ತರಿಸಿ ಸೇರಿಸಿಕೊಡುತ್ತೇವೆ’ ಎಂಬ ಮಾತು ಕೇಳಿದೊಡನೆ ಮುಂದಿನ ಅಂಗಡಿಗೆ ಹೋಗಿ. ಬಹುಪಾಲು ಕಾರುಗಳಿಗೆ ಕಪ್ಲರ್ ಸಿಗುತ್ತದೆ, ಅದರ ಬೆಲೆ ಸ್ಟೀರಿಯೊದ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಕಂಪನಿ ವೈರಿಂಗ್ ಕತ್ತರಿಸಿದ ಕಾರಿನಲ್ಲಿ ಮುಂದೆ ಏನೇ ವಿದ್ಯುತ್ ದೋಷ ಕಂಡರೂ, ಸರ್ವಿಸ್ ಸೆಂಟರಿನವರು ಆ ಕತ್ತರಿಸಿದ ತುದಿಯನ್ನು ಬೆರಳಿಟ್ಟು ತೋರಿಸಿ ವಾರಂಟಿಯಿಂದ ಕೈತೊಳೆದುಕೊಳ್ಳಲು ದಾರಿಯಾಗುತ್ತದೆ.

ಕಪ್ಲರುಗಳಿಗೂ ಅಂತಾರಾಷ್ಟ್ರೀಯ ಮಾನಕವೊಂದಿದೆ, ಐಎಸ್‌ಒ 10487. ಎಂಟು ಪಿನ್ನಿನ ಎರಡು ತುಂಡುಗಳು: ಒಂದು ವಿದ್ಯುತ್ ಪೂರೈಕೆಗೆ, ಒಂದು ಸ್ಪೀಕರುಗಳಿಗೆ. ಪೂರೈಕೆಯ ತುಂಡಿನಲ್ಲಿ ನಾಲ್ಕನೆಯ ಪಿನ್ ಸದಾ ಇರುವ 12 ವೋಲ್ಟ್, ಐದನೆಯದು ಆಂಟೆನಾ, ಆರನೆಯದು ದೀಪ, ಏಳನೆಯದು ಎಸಿಸಿ, ಎಂಟನೆಯದು ಅರ್ತಿಂಗ್. ಯುರೋಪಿನ ಕಾರುಗಳಲ್ಲಿ ಇದು ಹೆಚ್ಚು. ಆದರೆ ಮಾನಕವಿದ್ದಲ್ಲೂ ಅಪವಾದ ತಪ್ಪಿದ್ದಲ್ಲ: ಫೋಕ್ಸ್‌ವ್ಯಾಗನ್, ಆಡಿಯ ಕೆಲವು ಹಳೆಯ ಕಾರುಗಳಲ್ಲಿ ನಾಲ್ಕು ಮತ್ತು ಏಳು ಅದಲುಬದಲಾಗಿವೆ. ಹಾಗೆಯೇ ಜೋಡಿಸಿದರೆ ಸ್ಟೀರಿಯೊ ಹಾಡುತ್ತದೆ, ಆದರೆ ಕೀಲಿ ತೆಗೆದಾಗಲೆಲ್ಲ ಎಲ್ಲವನ್ನೂ ಮರೆಯುತ್ತದೆ. ಸೇವ್ ಮಾಡಿದ ಸ್ಟೇಷನ್ ಇಲ್ಲ, ಗಡಿಯಾರ ಇಲ್ಲ. ಈ ಲಕ್ಷಣ ಕಂಡರೆ ಸ್ಟೀರಿಯೊ ಕೆಟ್ಟಿದೆ ಎಂದುಕೊಂಡು ವಾಪಸ್ ಕೊಡಲು ಓಡಬೇಡಿ. ಹಳದಿಯನ್ನೂ ಕೆಂಪನ್ನೂ ಅದಲಿಸಿ ನೋಡಿ. ಆ ಎರಡು ವೈರುಗಳ ನಡುವೆ ಇದಕ್ಕೆಂದೇ ಕಳಚಿ ಸೇರಿಸಬಹುದಾದ ಸಣ್ಣ ಗೂಟಗಳಿರುವ ಕಪ್ಲರುಗಳೂ ಸಿಗುತ್ತವೆ.

ಕಪ್ಲರ್ ನಿಜಕ್ಕೂ ಸಿಗದಿದ್ದರೆ ಮಲ್ಟಿಮೀಟರ್ ಹಿಡಿಯಬೇಕು. ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ಕೀಲಿ ತೆಗೆದಿದ್ದಾಗಲೂ 12 ವೋಲ್ಟ್ ತೋರಿಸಿದ್ದು ಹಳದಿಯ ಜೋಡಿ. ಕೀಲಿ ತಿರುಗಿಸಿದಾಗ ಬಂದು, ತೆಗೆದಾಗ ಹೋದದ್ದು ಕೆಂಪಿನ ಜೋಡಿ. ಪಾರ್ಕಿಂಗ್ ದೀಪ ಹಾಕಿದಾಗ ಮಾತ್ರ ಬಂದದ್ದು ಕಿತ್ತಳೆಗೆ. ಸ್ಪೀಕರಿನ ಜೋಡಿ ಹುಡುಕಲು ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಪೆನ್ಸಿಲ್ ಸೆಲ್ ಇದ್ದರಾಯಿತು. ಹಳೆಯ ಸ್ಟೀರಿಯೊದಿಂದ ಕಳಚಿದ ಎರಡು ವೈರಿನ ತುದಿಗಳಿಗೆ ಸೆಲ್ಲನ್ನು ಅರೆಕ್ಷಣ ತಾಗಿಸಿದರೆ ಯಾವುದೋ ಒಂದು ಬಾಗಿಲಿನಿಂದ ‘ಟಪ್’ ಎಂಬ ಸದ್ದು ಬರುತ್ತದೆ. ಅದು ಆ ಸ್ಪೀಕರಿನ ಜೋಡಿ. ಸ್ಪೀಕರಿನ ಜಾಲರಿ ತೆಗೆದು ನೋಡಿದರೆ, ಸೆಲ್ಲಿನ ಪ್ಲಸ್ ತುದಿ ಸ್ಪೀಕರಿನ ಪ್ಲಸ್ಸಿಗೆ ತಾಗಿದಾಗ ಅದರ ಕಾಗದದ ಶಂಕು (ಕೋನ್) ಹೊರಕ್ಕೆ ಜಿಗಿಯುತ್ತದೆ. ತಿರುವುಮುರುವಾದರೆ ಒಳಕ್ಕೆ ಸರಿಯುತ್ತದೆ. ಒಂದು ಸ್ಪೀಕರ್ ಮಾತ್ರ ಉಲ್ಟಾ ಆದರೂ ಹಾಡಿನ ತಬಲಾ, ಡೋಲಿನ ಸದ್ದು ಎಲ್ಲೋ ಹೂತುಹೋದಂತಾಗುತ್ತದೆ. ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತಿರುತ್ತದೆ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಹೊಸ ಸ್ಟೀರಿಯೊದಲ್ಲಿ ಬೇಸ್ ಇಲ್ಲ ಎಂದು ದೂರುವವರು ಮೊದಲು ಇದನ್ನೇ ಪರೀಕ್ಷಿಸಬೇಕು. ಆದರೆ ಒಂದು ಎಚ್ಚರಿಕೆ: ಈ ಸೆಲ್ ಪ್ರಯೋಗ ಸ್ಟೀರಿಯೊದಿಂದ ಬೇರ್ಪಟ್ಟ ಸ್ಪೀಕರ್ ವೈರುಗಳಿಗೆ ಮಾತ್ರ. ನಡುವೆ ಕಂಪನಿಯ ಆಂಪ್ಲಿಫೈಯರ್ ಇರುವ ಕಾರಿನಲ್ಲಿ ಬೇಡ.

ಸ್ಪೀಕರಿನ ಮೈನಸ್ ವೈರುಗಳನ್ನೆಲ್ಲ ಸೇರಿಸಿ ಕಾರಿನ ಲೋಹದ ಮೈಗೆ ಅರ್ತ್ ಮಾಡುವ ಹಳೆಯ ಅಭ್ಯಾಸ ಇನ್ನೂ ಕೆಲವರಲ್ಲಿ ಉಳಿದಿದೆ. ಇಂದಿನ ಸ್ಟೀರಿಯೊದಲ್ಲಿ ಮೈನಸ್ ಎಂಬುದು ಹೆಸರಿಗೆ ಮಾತ್ರ. ಎರಡು ವೈರುಗಳನ್ನೂ ಆಂಪ್ಲಿಫೈಯರ್ ಚಿಪ್ಪೇ ದೂಡುತ್ತಿರುತ್ತದೆ. ಸದ್ದಿಲ್ಲದಾಗಲೂ ಎರಡರ ಮೇಲೂ ಪೂರೈಕೆಯ ಅರ್ಧದಷ್ಟು, ಅಂದರೆ ಆರು ಏಳು ವೋಲ್ಟ್ ನಿಂತಿರುತ್ತದೆ. ಅದನ್ನು ಕಾರಿನ ಮೈಗೆ ತಾಗಿಸಿದರೆ ಚಿಪ್ ಶಾರ್ಟ್ ಆದಂತೆಯೇ. ರಕ್ಷಣೆಯ ವ್ಯವಸ್ಥೆ ಇದ್ದರೆ ಸದ್ದು ನಿಲ್ಲುತ್ತದೆ, ಇಲ್ಲದಿದ್ದರೆ ಸ್ಟೀರಿಯೊ ನಿಲ್ಲುತ್ತದೆ.

ವಾರವಿಡೀ ನಿಂತ ಕಾರು

ವಾರವಿಡೀ ಮೆಟ್ರೊದಲ್ಲಿ ಓಡಾಡಿ, ಕಾರನ್ನು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸಿ, ಶನಿವಾರ ಕೀಲಿ ತಿರುಗಿಸಿದರೆ ‘ಟಿಕ್ ಟಿಕ್’ ಎನ್ನುವ ಕಾರುಗಳು ಈ ಊರಿನಲ್ಲಿ ಸಾಕಷ್ಟಿವೆ. ಬ್ಯಾಟರಿಗೆ ವಯಸ್ಸಾಗಿರಬಹುದು. ಹೊಸ ಸ್ಟೀರಿಯೊ ಹಾಕಿಸಿದ ಮೇಲೆ ಶುರುವಾಗಿದ್ದರೆ ಮಾತ್ರ ಅನುಮಾನ ಸ್ಟೀರಿಯೊದ ಮೇಲೇ ಹೋಗಬೇಕು.

ಕೀಲಿ ತೆಗೆದ ಕೂಡಲೇ ಟ್ಯಾಬ್ಲೆಟ್ ಮಾದರಿಯ ಸ್ಟೀರಿಯೊ ಪೂರ್ತಿ ಆರುವುದಿಲ್ಲ. ಮತ್ತೆ ಬೇಗ ಎಚ್ಚರಗೊಳ್ಳಲೆಂದು ಅರೆನಿದ್ದೆಯಲ್ಲಿರುತ್ತದೆ. ಒಳ್ಳೆಯದಾದರೆ ಆಗ ಎಳೆಯುವುದು ಒಂದಿಪ್ಪತ್ತು ಮಿಲಿಆಂಪಿಯರ್, ದಿನಕ್ಕೆ ಅರ್ಧ ಆಂಪಿಯರ್ ಗಂಟೆಗಿಂತ ಕಡಿಮೆ. ನಿದ್ದೆ ಬಾರದ ಪೆಟ್ಟಿಗೆ 200 ಮಿಲಿಆಂಪಿಯರ್ ಎಳೆಯಿತೆನ್ನಿ: ದಿನಕ್ಕೆ 4.8 ಆಂಪಿಯರ್ ಗಂಟೆ, ಐದು ದಿನಕ್ಕೆ 24. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 35ರ ಹತ್ತಿರ. ಮೂರರಲ್ಲಿ ಎರಡು ಪಾಲು ಖಾಲಿಯಾದ ಬ್ಯಾಟರಿಯಿಂದ ಸ್ಟಾರ್ಟರ್ ಮೋಟಾರ್ ತಿರುಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು, ಎಸಿಸಿ ವೈರ್ ಸಿಗಲಿಲ್ಲವೆಂದು ಕೆಂಪು ಹಳದಿ ಎರಡನ್ನೂ ಬ್ಯಾಟರಿಯ ಪ್ಲಸ್ಸಿಗೇ ಸೇರಿಸುವುದು. ಆಗ ಸ್ಟೀರಿಯೊಗೆ ನೀವು ಕಾರಿನಿಂದ ಇಳಿದದ್ದೇ ಗೊತ್ತಾಗುವುದಿಲ್ಲ. ಅನುಮಾನವಿದ್ದರೆ ಅಳೆಯಬಹುದು. ಕಾರಿನ ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮೈನಸ್ ಕಳಚಿ, ಕಳಚಿದ ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಅಳತೆಯಲ್ಲಿ ಇಡಿ. ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡಿ, ಕಾರಿನ ಉಳಿದ ಕಂಪ್ಯೂಟರುಗಳು ಮಲಗಲು ಅಷ್ಟು ಹೊತ್ತು ಬೇಕು. ಆಮೇಲೆ ಸ್ಟೀರಿಯೊದ ಫ್ಯೂಸ್ ಕಿತ್ತು, ಮೀಟರಿನ ಅಂಕಿ ಎಷ್ಟು ಇಳಿಯಿತು ನೋಡಿ. ಇಳಿದಷ್ಟೂ ಅದರ ಪಾಲು. ಮೀಟರ್ ಇಟ್ಟಿರುವಾಗ ಮರೆತೂ ಕಾರು ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ.

ಸ್ಟೀರಿಂಗಿನ ಗುಂಡಿ, ಆಂಟೆನಾ, ಕ್ಯಾಮೆರಾ

ಸ್ಟೀರಿಂಗ್ ಮೇಲಿನ ಗುಂಡಿಗಳು ಎರಡು ಬಗೆಯಲ್ಲಿ ಮಾತನಾಡುತ್ತವೆ. ಹಳೆಯ ಬಗೆ ಬಹಳ ಸರಳ: ಪ್ರತಿ ಗುಂಡಿಯ ಹಿಂದೆ ಬೇರೆ ಬೇರೆ ಓಮ್‌ನ ರೆಸಿಸ್ಟರ್ (ವಿದ್ಯುತ್ ಹರಿವಿಗೆ ತಡೆಯೊಡ್ಡುವ ಬಿಡಿಭಾಗ). ಒಂದೇ ವೈರಿನಲ್ಲಿ ಯಾವ ವೋಲ್ಟೇಜ್ ಬಂತು ಎಂಬುದರ ಮೇಲೆ ಯಾವ ಗುಂಡಿ ಒತ್ತಿದ್ದು ಎಂದು ಸ್ಟೀರಿಯೊ ಅರಿತುಕೊಳ್ಳುತ್ತದೆ. ಹೊಸ ಸ್ಟೀರಿಯೊದಲ್ಲಿ ಕೀ 1, ಕೀ 2 ಎಂಬ ವೈರುಗಳಿರುತ್ತವೆ; ಅವನ್ನು ಸೇರಿಸಿ, ಸೆಟ್ಟಿಂಗಿಗೆ ಹೋಗಿ ಒಂದೊಂದೇ ಗುಂಡಿ ಒತ್ತಿ ಕಲಿಸಬೇಕು. ಎರಡನೆಯ ಬಗೆ ಕ್ಯಾನ್ ಬಸ್. ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ಈ ವ್ಯವಸ್ಥೆಯಲ್ಲಿ ಹೆಣೆದ ಎರಡೇ ವೈರುಗಳ ಮೇಲೆ ಕಾರಿನ ಕಂಪ್ಯೂಟರುಗಳು ಸಂದೇಶ ಹಂಚಿಕೊಳ್ಳುತ್ತವೆ. ವಾಲ್ಯೂಮ್ ಏರಿಸು ಎಂಬುದೂ ಅಲ್ಲಿ ಒಂದು ಸಂದೇಶ. ಇಂಥ ಕಾರುಗಳಲ್ಲಿ ಎಸಿಸಿಗೆ ಬೇರೆ ವೈರೇ ಇಲ್ಲದಿರಬಹುದು, ಕೀಲಿ ತಿರುಗಿತು ಎಂಬ ಸುದ್ದಿಯೂ ಸಂದೇಶವಾಗಿಯೇ ಬರುತ್ತದೆ. ಇದನ್ನು ಹೊಸ ಸ್ಟೀರಿಯೊಗೆ ತಿಳಿಯುವ ಭಾಷೆಗೆ ತಿರುಗಿಸಲು ಕ್ಯಾನ್ ಬಾಕ್ಸ್ ಬೇಕು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಆದರೆ ನಿಮ್ಮ ಕಾರಿನ ಮಾದರಿಗೇ ಮಾಡಿದ್ದಾಗಿರಬೇಕು. ಆ ಹೆಣೆದ ವೈರುಗಳನ್ನು ಕತ್ತರಿಸುವುದಾಗಲಿ, ಅವುಗಳಿಂದ 12 ವೋಲ್ಟ್ ಹುಡುಕುವುದಾಗಲಿ ಕೂಡದು. ಅದೇ ಜಾಲದಲ್ಲಿ ಬೇರೆ ಯಾವ ಯಾವ ಕಂಪ್ಯೂಟರ್ ಇದೆಯೋ, ಎಲ್ಲವೂ ಮುನಿಸಿಕೊಂಡು ಮೀಟರ್ ಫಲಕದಲ್ಲಿ ದೀಪಗಳ ಜಾತ್ರೆ ನಡೆಯಬಹುದು.

ಇನ್ನು ರೇಡಿಯೊ. ಸ್ಟೀರಿಯೊ ಬದಲಿಸಿದ ಮೇಲೆ 101.3ರ ಎಫ್‌ಎಂ ರೇನ್‌ಬೋ, 102.9ರ ವಿವಿಧ ಭಾರತಿ ಊರೊಳಗೇ ಗೊರಗುಟ್ಟಿದರೆ, ದೋಷ ಬಹಳ ಸಲ ನೀಲಿ ವೈರಿನಲ್ಲಿರುತ್ತದೆ. ಕಾರಿನ ಚಾವಣಿಯ ಮೇಲಿನ ಗಿಡ್ಡ ಆಂಟೆನಾಗಳ ಬುಡದಲ್ಲಿ ಸಣ್ಣ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ 12 ವೋಲ್ಟ್ ಕೊಡಬೇಕಾದ್ದು ಆ ನೀಲಿ. ಕೆಲವು ಕಾರುಗಳಲ್ಲಿ ಅದು ಆಂಟೆನಾದ ಕೇಬಲ್ಲಿನ ಮೂಲಕವೇ ಹೋಗುತ್ತದೆ, ಆಗ ಅದಕ್ಕೆ ತಕ್ಕ ಅಡಾಪ್ಟರ್ ಬೇಕು. ಗುಜರಿಯಲ್ಲಿ ಸಿಗುವ ಜಪಾನಿನ ಹಳೆಯ ಸ್ಟೀರಿಯೊ ಕೊಳ್ಳುವ ಮುನ್ನ ಒಂದು ಮಾತು: ಅಲ್ಲಿನ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಇತ್ತು. ಬೆಂಗಳೂರಿನ ಸ್ಟೇಷನ್ನುಗಳು ಅದಕ್ಕೆ ಎಟುಕುವುದಿಲ್ಲ. ಆಕಾಶವಾಣಿಯ 612 ಕಿಲೋಹರ್ಟ್ಸ್ ಕೇಳುವವರು ಇನ್ನೊಂದನ್ನು ನೋಡಬೇಕು. ಅಮೆರಿಕದ ಸೆಟ್ಟಿಂಗಿನಲ್ಲಿ ಮೀಡಿಯಂ ವೇವ್ ಹತ್ತು ಹತ್ತಾಗಿ ಏರುವುದರಿಂದ ಅದು 610ಕ್ಕೋ 620ಕ್ಕೋ ಹೋಗಿ ನಿಲ್ಲುತ್ತದೆ. ಪ್ರದೇಶವನ್ನು ಬದಲಿಸಿ ಒಂಬತ್ತರ ಹೆಜ್ಜೆಗೆ ತಂದರೆ 612 ಸಿಗುತ್ತದೆ. ಮೀಡಿಯಂ ವೇವ್ ಇಲ್ಲದ ಸ್ಟೀರಿಯೊಗಳೂ ಈಗ ಬಹಳ.

ಕ್ಯಾಮೆರಾದ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ರಿವರ್ಸ್ ದೀಪದ 12 ವೋಲ್ಟ್ ಬಂದಾಗ ಪರದೆ ಕ್ಯಾಮೆರಾಕ್ಕೆ ತಿರುಗುತ್ತದೆ. ಕಂಪನಿಯ ಕ್ಯಾಮೆರಾವನ್ನೇ ಉಳಿಸಿಕೊಳ್ಳುವುದಾದರೆ ಅದು ಎಷ್ಟು ವೋಲ್ಟಿನದೆಂದು ಮೊದಲು ಅಳೆಯಿರಿ, ಕೆಲವು 12 ತಾಳುವುದಿಲ್ಲ. ಕೈಬ್ರೇಕಿಗೆ ಸೇರಿಸಬೇಕಾದ ಇನ್ನೊಂದು ವೈರ್ ಇರುತ್ತದೆ. ಕಾರು ಚಲಿಸುವಾಗ ಪರದೆಯಲ್ಲಿ ವಿಡಿಯೊ ಓಡದಂತೆ ತಡೆಯುವುದು ಅದರ ಕೆಲಸ. ಅದನ್ನು ಕಾರಿನ ಮೈಗೆ ಅರ್ತ್ ಮಾಡಿ ತಡೆಯನ್ನು ತಪ್ಪಿಸಿಕೊಡುವುದು ಅಂಗಡಿಗಳ ವಾಡಿಕೆ. ದಾರಿ ನೋಡುವ ನಕ್ಷೆಯ ಹೊರತು ಚಾಲಕ ವಿಡಿಯೊ ನೋಡುವಂತಿಲ್ಲ ಎಂದು 2017ರ ಚಾಲನಾ ನಿಯಮಗಳೇ ಹೇಳುತ್ತವೆ. ಸಿಲ್ಕ್ ಬೋರ್ಡಿನಲ್ಲಿ ಎಷ್ಟೇ ಹೊತ್ತು ನಿಂತಿರಲಿ, ಕೈಬ್ರೇಕ್ ಹಾಕಿಯೇ ನೋಡಿ.

ಕಳಚುವ ಕೆಲಸ

ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಬೇಕು. ಬಹುತೇಕ ಕಾರುಗಳಲ್ಲಿ 10 ಮಿಲಿಮೀಟರಿನ ಸ್ಪ್ಯಾನರ್ ಸಾಕು. ಕಳಚಿದ ಮೇಲೆ ಕೆಲವು ನಿಮಿಷ ಕಾಯಿರಿ. ಏರ್‌ಬ್ಯಾಗಿನ ಕಂಪ್ಯೂಟರಿನಲ್ಲಿ ಬ್ಯಾಟರಿ ಹೋದರೂ ಸ್ವಲ್ಪ ಹೊತ್ತು ಕೆಲಸ ಮಾಡುವಷ್ಟು ವಿದ್ಯುತ್ ಉಳಿದಿರುತ್ತದೆ. ಡ್ಯಾಶ್‌ಬೋರ್ಡಿನೊಳಗೆ ಹಳದಿ ಹೊದಿಕೆಯ, ಹಳದಿ ಕನೆಕ್ಟರಿನ ವೈರುಗಳು ಕಂಡರೆ ಅವು ಏರ್‌ಬ್ಯಾಗಿನವು. ಸ್ಟೀರಿಯೊದ ಹಳದಿ ವೈರಿಗೂ ಇವಕ್ಕೂ ಸಂಬಂಧವಿಲ್ಲ, ಅವುಗಳಿಗೆ ಮೀಟರಿನ ಮೊನೆಯನ್ನೂ ತಾಗಿಸಬೇಡಿ. ಹಳೆಯ ಸ್ಟೀರಿಯೊಗೆ ಕಳ್ಳತನ ತಡೆಯುವ ಕೋಡ್ ಇದ್ದರೆ ಬ್ಯಾಟರಿ ಕಳಚುವ ಮುನ್ನವೇ ಕಾರಿನ ಪುಸ್ತಕದಲ್ಲಿ ಹುಡುಕಿ ಬರೆದಿಟ್ಟುಕೊಳ್ಳಿ.

ಮಧ್ಯದ ಪ್ಲಾಸ್ಟಿಕ್ ಫಲಕವನ್ನು ಹಿಡಿದಿರುವುದು ಸ್ಕ್ರೂಗಿಂತ ಹೆಚ್ಚಾಗಿ ಕ್ಲಿಪ್ಪುಗಳು. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದರೆ ಅಂಚಿನಲ್ಲಿ ಹಲ್ಲಿನ ಗುರುತು ಬೀಳುತ್ತದೆ. ಅದಕ್ಕಾಗಿಯೇ ಮಾಡಿದ ಪ್ಲಾಸ್ಟಿಕ್ ಮೀಟುಗೋಲು ತನ್ನಿ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ತಣ್ಣಗಾದ ಪ್ಲಾಸ್ಟಿಕ್ ಬಾಗುವ ಬದಲು ಮುರಿಯುತ್ತದೆ. ಕಾರನ್ನು ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿದರೆ ಮೆತ್ತಗಾಗುತ್ತದೆ. ಗೇರ್ ಲಿವರ್ ಸುತ್ತ ಹಳೆಯ ಪಂಚೆಯನ್ನೋ ಟವೆಲನ್ನೋ ಹರವಿ, ಕೆಳಗಿನ ಮೂಲೆಯಿಂದ ಮೀಟಿ, ಒಂದು ಕ್ಲಿಪ್ ಬಿಟ್ಟ ಸದ್ದು ಬಂದ ಮೇಲೆ ಮುಂದಿನದಕ್ಕೆ ಹೋಗಿ. ಫಲಕ ಸಡಿಲವಾಯಿತೆಂದು ಒಮ್ಮೆಲೇ ಎಳೆಯಬೇಡಿ. ಅದರ ಬೆನ್ನಿಗೆ ಹಜಾರ್ಡ್ ಸ್ವಿಚ್ಚಿನ, ಕೆಲವು ಕಾರುಗಳಲ್ಲಿ ಏರ್‌ಬ್ಯಾಗ್ ಸೂಚನಾ ದೀಪದ ವೈರುಗಳು ಅಂಟಿಕೊಂಡಿರುತ್ತವೆ. ಅವುಗಳ ಕನೆಕ್ಟರಿನ ನಾಲಿಗೆ ಒತ್ತಿ ಬಿಡಿಸಿದ ಮೇಲೆ ಫಲಕ ಕೈಗೆ ಬರುತ್ತದೆ.

ಈಗ ಸ್ಟೀರಿಯೊವನ್ನು ಹಿಡಿದಿರುವ ನಾಲ್ಕು ಸ್ಕ್ರೂಗಳು ಕಾಣುತ್ತವೆ. ಮೇಲಿನವನ್ನು ಬಿಚ್ಚುವಾಗ ತುದಿಗೆ ಅಯಸ್ಕಾಂತವಿರುವ ಸ್ಕ್ರೂಡ್ರೈವರ್ ಬಳಸಿ. ಕೈಜಾರಿದ ಸ್ಕ್ರೂ ಬೀಳುವುದು ಯಾರ ಬೆರಳಿಗೂ ಎಟುಕದ ಕತ್ತಲೆಗೆ. ಪೆಟ್ಟಿಗೆಯನ್ನು ಅರ್ಧ ಎಳೆದು, ಹಿಂದೆ ಕೈ ಹಾಕಿ ಕನೆಕ್ಟರಿನ ಕೊಂಡಿ ಒತ್ತಿ ಬಿಡಿಸಬೇಕು. ವೈರು ಹಿಡಿದು ಎಳೆಯುವುದು ಸಲ್ಲದು. ಬಿಡಿಸುವ ಮುನ್ನ ಮೊಬೈಲಿನಲ್ಲಿ ನಾಲ್ಕೈದು ಫೋಟೊ ತೆಗೆದುಕೊಳ್ಳಿ. ಬದಿಗಳಲ್ಲಿರುವ ಲೋಹದ ಬ್ರಾಕೆಟ್ಟುಗಳನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಬೇಕಾಗಬಹುದು.

ಜೋಡಿಸುವಾಗ ಎರಡು ವೈರುಗಳನ್ನು ತಿರುಚಿ ಕಪ್ಪು ಟೇಪ್ ಸುತ್ತುವ ಕ್ರಮವನ್ನು ದಯವಿಟ್ಟು ಒಪ್ಪಬೇಡಿ. ಏಪ್ರಿಲಿನ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಆ ಟೇಪಿನ ಅಂಟು ಕರಗಿ ಜಾರುತ್ತದೆ, ಬೆತ್ತಲೆ ತಾಮ್ರ ಉಳಿಯುತ್ತದೆ. ಕ್ರಿಂಪ್ ಮಾಡಿಸಿ (ಲೋಹದ ಪುಟ್ಟ ಕೊಳವೆಯಲ್ಲಿ ಅದುಮಿ ಸೇರಿಸುವುದು) ಅಥವಾ ಬೆಸುಗೆ ಹಾಕಿಸಿ, ಮೇಲೆ ಬಿಸಿಗೆ ಕುಗ್ಗುವ ತೋಳು ಹಾಕಿಸಿ. ಗೊಂಚಲನ್ನು ಬಟ್ಟೆಯ ಟೇಪಿನಿಂದ ಸುತ್ತಿ, ಎ.ಸಿ.ಯ ಚಲಿಸುವ ಭಾಗಗಳಿಗೆ ತಾಗದಂತೆ ಕಟ್ಟಿಸಿ.

ಫಲಕವನ್ನು ಒತ್ತಿ ಕೂರಿಸುವುದಕ್ಕೆ ಮುಂಚೆಯೇ ಬ್ಯಾಟರಿ ಸೇರಿಸಿ ಎಲ್ಲವನ್ನೂ ಪರೀಕ್ಷಿಸಬೇಕು. ಕೀಲಿ ತೆಗೆದು ಮತ್ತೆ ಹಾಕಿದರೆ ಗಡಿಯಾರದ ಸಮಯ ಉಳಿಯುತ್ತದೆಯೇ, ಬ್ಯಾಲೆನ್ಸ್ ಎಡಕ್ಕೆ ತಿರುಗಿಸಿದಾಗ ಎಡವೇ ಹಾಡುತ್ತದೆಯೇ, ರಿವರ್ಸ್ ಗೇರಿಗೆ ಚಿತ್ರ ಬರುತ್ತದೆಯೇ, ಹಜಾರ್ಡ್ ದೀಪ ಮಿನುಗುತ್ತದೆಯೇ. ಎಂಜಿನ್ ಓಡಿಸಿ ಆಕ್ಸಿಲರೇಟರ್ ಒತ್ತಿ. ಅದರ ವೇಗದೊಂದಿಗೆ ಏರುವ ಕೊಂಯ್ಗುಟ್ಟುವಿಕೆ ಸ್ಪೀಕರಿನಲ್ಲಿ ಕೇಳಿದರೆ ಅದು ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ಸದ್ದು, ಅರ್ತಿಂಗ್ ಸರಿಯಾಗಿಲ್ಲ ಎಂದರ್ಥ. ಕಪ್ಪು ವೈರನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿಯಾಗಿ ಸೇರಿಸಿದರೆ ಹಲವು ಸಲ ನಿಲ್ಲುತ್ತದೆ. ಬ್ಯಾಟರಿ ಕಳಚಿದ್ದರಿಂದ ಕಿಟಕಿ ಒಂದೇ ಒತ್ತಿಗೆ ಪೂರ್ತಿ ಏರುವುದನ್ನು ಮರೆತಿರಬಹುದು. ಅದಕ್ಕೆ ಕಲಿಸುವ ಕ್ರಮ ಕಾರಿನ ಪುಸ್ತಕದಲ್ಲಿರುತ್ತದೆ, ಸಾಮಾನ್ಯವಾಗಿ ಗಾಜು ಪೂರ್ತಿ ಏರಿದ ಮೇಲೂ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯುವುದು.

ಹಳೆಯ ಸ್ಟೀರಿಯೊ, ಅದರ ಫಲಕ, ಸ್ಕ್ರೂಗಳನ್ನು ಅಂಗಡಿಯವರು ತಾವಾಗಿ ಕೊಡದಿದ್ದರೆ ಕೇಳಿ ಪಡೆಯಿರಿ. ಹಳತು ಕೊಟ್ಟರೆ ಇಷ್ಟು ಕಡಿಮೆ ಮಾಡುತ್ತೇವೆ ಎಂದು ಅವರು ಹೇಳುವ ಮೊತ್ತ ಸಣ್ಣದಿರುತ್ತದೆ. ಅದೇ ಪೆಟ್ಟಿಗೆಯನ್ನು ಸರ್ವಿಸ್ ಸೆಂಟರಿನಲ್ಲಿ ಹೊಸದಾಗಿ ಕೊಳ್ಳಲು ಹೋದರೆ ಹೇಳುವ ಬೆಲೆಯನ್ನು ಮೊದಲೇ ವಿಚಾರಿಸಿಟ್ಟುಕೊಂಡರೆ ಚೌಕಾಸಿಗೆ ಅನುಕೂಲ.